ನಾರಾಯಣಪ್ಪನ ಎಂಟು ನಿಮಿಷ

ಪಾಲಕೋಡಿನ ಟೊಮೇಟೊ ಮಾರ್ಕೆಟ್ಟಿನಲ್ಲಿ ನಾರಾಯಣಪ್ಪನ ಗಂಟಲಿಗೆ ಸಮನಾದ ಗಂಟಲು ಇನ್ನೊಂದಿರಲಿಲ್ಲ. ಬೆಳಿಗ್ಗೆ ತನ್ನ ಮಂಡಿಯ ಮುಂದೆ ಪೆಟ್ಟಿಗೆಗಳ ಮೇಲೆ ಹತ್ತಿ ನಿಂತು ಏಲಂ ಕೂಗಲು ಶುರುಮಾಡಿದನೆಂದರೆ, ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದವರಿಗೂ ಆ ದಿನದ ರೇಟು ಗೊತ್ತಾಗಿಬಿಡುತ್ತಿತ್ತು. ಇಂಥ ಗಂಟಲಿನ ಮನುಷ್ಯ ವೇದಿಕೆ ಹತ್ತಿ ಮಾತಾಡಲು ಹೋಗಿ ಊರೆಲ್ಲ ನಗುವ ಹಾಗೆ ಮಾಡಿಕೊಂಡಿದ್ದು ತೊಂಬತ್ತೇಳರ ಆಯುಧಪೂಜೆಯ ಸಮಯದಲ್ಲಿ. ಆ ನಗುವನ್ನು ಮುಂದಿನ ಸಾಲಿನಲ್ಲೇ ಕೂತು ಕೇಳಿಸಿಕೊಂಡವಳು ಅವನ ಹೆಂಡತಿ ಮಂಜುಳಮ್ಮ.

ವ್ಯಾಪಾರಿಗಳ ಸಂಘದವರು ಪ್ರತಿ ವರ್ಷ ಒಂದು ಪಟ್ಟಿಮನ್ರಂ ಇಡಿಸುತ್ತಿದ್ದರು. ಒಂದು ವಿಷಯ ಕೊಟ್ಟು, ಮೂವರು ಈ ಕಡೆ ಮೂವರು ಆ ಕಡೆ ಕೂತು ತಮಿಳಿನಲ್ಲಿ ವಾದ ಹೂಡುವುದು. ನಡುವೆ ಕೂತ ನಡುವರ್ ಎಲ್ಲರ ಮಾತು ಕೇಳಿ ಕೊನೆಗೆ ತೀರ್ಪು ಹೇಳುವುದು. ನಾರಾಯಣಪ್ಪನಿಗೆ ಮೀಸೆ ಚಿಗುರುವ ಮುಂಚಿನಿಂದ ಇದರ ಹುಚ್ಚು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು, ಅದೂ ಒಂಬತ್ತನೇ ಕ್ಲಾಸಿಗೆ ಮುಗಿದಿತ್ತು. ಆದರೂ ಧರ್ಮಪುರಿಯಲ್ಲಿ ಪಟ್ಟಿಮನ್ರಂ ಅಂದರೆ ಸಾಕು, ಸೈಕಲ್ ತುಳಿದುಕೊಂಡು ಹೋಗಿಬಿಡುತ್ತಿದ್ದ. ಮೂರು ವರ್ಷ ಬಿಡದೆ ಬೆನ್ನು ಹತ್ತಿದ ಮೇಲೆ, ರಿಟೈರಾದ ತಮಿಳು ಮೇಷ್ಟ್ರು ಸುಬ್ಬರಾಯನ್ ಅವರು, ಈ ಸುತ್ತಿಗೆಲ್ಲ ಅವರೇ ನಡುವರ್, ಆ ವರ್ಷ ಅವನಿಗೆ ಒಂದು ಜಾಗ ಕೊಟ್ಟರು.

ಕೊಟ್ಟದ್ದು ಎಂಟು ನಿಮಿಷ. ನಾರಾಯಣಪ್ಪ ಮೂರು ನಿಮಿಷಕ್ಕೆ ಮುಗಿಸಿದ. ಏಲಂ ಕೂಗುವವನು ಉಸಿರು ತಗೊಳ್ಳಲು ನಿಂತರೆ ಗಿರಾಕಿ ಪಕ್ಕದ ಮಂಡಿಗೆ ಜಾರಿಕೊಳ್ಳುತ್ತಾನೆ. ಇಪ್ಪತ್ತೈದು ವರ್ಷದ ಆ ಭಯ ವೇದಿಕೆಯ ಮೇಲೂ ಅವನನ್ನು ಬಿಡಲಿಲ್ಲ. ಮಾತು ಒಂದರ ಮೇಲೊಂದು ಬಿದ್ದವು. ಅದರ ಜೊತೆಗೆ ಬಲಗೈ ಗಾಳಿಯಲ್ಲಿ ಪೆಟ್ಟಿಗೆ ಎಣಿಸುವ ಹಾಗೆ ಕಡಿಯುತ್ತಲೇ ಇತ್ತು. ಹಿಂದಿನ ಸಾಲಿನಿಂದ ಯಾರೋ ಹರಾಜಿನ ಒಂದು ಸಾರಿ, ಎರಡು ಸಾರಿಯ ಧಾಟಿಯಲ್ಲಿ "ಒರು ತರಂ" ಅಂದರು. ಇನ್ನೊಬ್ಬ "ರೆಂಡು ತರಂ" ಅಂದ. ಅಷ್ಟೇ, ಶಾಮಿಯಾನದ ತುಂಬ ನಗು. ಮಂಜುಳಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ತಲೆ ತಗ್ಗಿಸಿದಳು. ನಗು ತನಗೂ ಬಂದಿತ್ತು ಅನ್ನುವುದೇ ಅವಳಿಗೆ ಹೆಚ್ಚು ಸಂಕಟ.

ಮನೆಗೆ ಬಂದ ಮೇಲೆ ನಾರಾಯಣಪ್ಪ ಅಂದ, "ಆ ಮೈಕು ಸರಿ ಇರ್ಲಿಲ್ಲ."

"ಮೈಕು ಸರಿಯಾಗೇ ಇತ್ತು. ನೀವೇ ರೈಲು ಓಡ್ಸಿದಂಗೆ ಓಡ್ಸಿಬಿಟ್ರಿ."

"ನಾನಾ? ನಾನು ನಿದಾನವಾಗೇ ಮಾತಾಡ್ದೆ."

ಅವನು ನಿಜವಾಗಿಯೂ ಹಾಗೇ ನಂಬಿದ್ದ. ಅವಳು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಸೇಲಂನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದ ಮಗಳು ಸಂಗೀತಾ ಶನಿವಾರ ಊರಿಗೆ ಬಂದಾಗ ಎಲ್ಲ ಕೇಳಿಕೊಂಡು ಹೇಳಿದಳು, "ಅಪ್ಪಾ, ನಮ್ ಟ್ರೈನಿಂಗಲ್ಲಿ ನಾವು ಪಾಟ ಮಾಡೋದನ್ನ ವಿಡಿಯೋ ಇಡಿದು ನಮಗೇ ತೋರಿಸ್ತಾರೆ. ನಾನು ಮಕ್ಕಳ ಜೊತೆ ಮಾತಾಡ್ತಿದೀನಿ ಅನ್ಕೊಂಡಿದ್ದೆ. ನೋಡಿದ್ರೆ ಪೂರ್ತಿ ಬೋರ್ಡ್ ಜೊತೆ ಮಾತಾಡ್ತಿದ್ದೆ. ನೀವೂ ಒಂದ್ಸಲ ನಿಮ್ಮನ್ನ ನೋಡ್ಕೊಳಿ."

ಆ ಮಾತು ನಾರಾಯಣಪ್ಪನಿಗೆ ಹಿಡಿಸಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಸುಬ್ಬರಾಯನ್ ಒಳ್ಳೆಯ ಮನುಷ್ಯರು. ಪೊಂಗಲ್‌ಗೆ ನಲ್ಲಂಪಳ್ಳಿಯಲ್ಲಿ ನಡೆಯುವ ಪಟ್ಟಿಮನ್ರಂನಲ್ಲಿ ಇನ್ನೊಂದು ಸಲ ನಿಲ್ಲಿಸುತ್ತೇನೆ, ಚೆನ್ನಾಗಿ ತಯಾರಾಗು ಅಂತ ಹೇಳಿ ಕಳಿಸಿದ್ದರು. ವಿಷಯವೂ ಗೊತ್ತಾಗಿತ್ತು: ಮನೆ ನಿಲ್ಲುವುದು ಗಂಡಸಿನ ಸಂಪಾದನೆಯಿಂದಲೋ, ಹೆಂಗಸಿನ ಜತನದಿಂದಲೋ. ನಾರಾಯಣಪ್ಪನದು ಸಂಪಾದನೆಯ ಕಡೆ.

ಮೊದಲು ಮದುವೆ ವಿಡಿಯೋ ಮಾಡುವ ಆರುಮುಗಂನನ್ನು ಕರೆಸಿದರು. ಅವನು ದೀಪ, ವೈರು, ಕೊಡೆ ಎಲ್ಲ ತಂದು ಅಂಗಳದಲ್ಲಿ ನಾರಾಯಣಪ್ಪನ ಭಾಷಣ ಹಿಡಿದುಕೊಂಡು ಹೋದ. ಹತ್ತು ದಿನ ಬಿಟ್ಟು ಕ್ಯಾಸೆಟ್ಟು ತಂದುಕೊಟ್ಟ. ಡೆಕ್ ಬಾಡಿಗೆಗೆ ತಂದು ಹಾಕಿ ನೋಡಿದರೆ, ಒಂದು ತಾವರೆ ಹೂ ಅರಳಿತು, ಅದರೊಳಗಿಂದ ನಾರಾಯಣಪ್ಪನ ಮುಖ ಬಂತು, ತಿರುಗಿತು, ಎರಡಾಯಿತು, ನಾಲ್ಕಾಯಿತು. ಹಿಂದೆ ಕೊಳಲು ಮತ್ತು ನಾದಸ್ವರ. ಮಾತು ಒಂದೂ ಕೇಳಲಿಲ್ಲ.

"ಮಾತು ಎಲ್ಲಪ್ಪಾ?" ಅಂತ ಮಂಜುಳಮ್ಮ ಕೇಳಿದಳು.

"ಮಾತು ತೆಗೆದು ಮ್ಯೂಸಿಕ್ ಹಾಕಿದೀನಿ ಅಕ್ಕಾ. ಇದಕ್ಕೆ ಎಕ್ಸ್‌ಟ್ರಾ ತಗೊಳ್ಳಲ್ಲ" ಅಂದ ಆರುಮುಗಂ, ಉಪಕಾರ ಮಾಡಿದವನ ಮುಖದಲ್ಲಿ.

ಅವನು ಹೋದ ಮೇಲೆ ಗಂಡ ಹೆಂಡತಿ ಬಹಳ ಹೊತ್ತು ನಕ್ಕರು. ಕಣ್ಣೊರೆಸಿಕೊಂಡು ಮಂಜುಳಮ್ಮನೇ ಅಂದಳು, "ಇನ್ನೊಬ್ರನ್ನ ಕರೆದ್ರೆ ಇದೇ ಕತೆ. ಕಮ್ಮಿ ರೇಟಲ್ಲಿ ಒಂದು ಕ್ಯಾಮೆರಾ ನಾವೇ ತಗೊಳ್ಳಾಣ. ಈ ವರ್ಷ ಟೊಮೇಟೊ ಕೈ ಇಡಿದೈತೆ." ಹೇಳಿಬಿಟ್ಟ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆಯುಧಪೂಜೆಯ ದಿನ ಇವನು ಇನ್ನು ವೇದಿಕೆಯ ಸಹವಾಸ ಬಿಟ್ಟರೆ ಸಾಕು ಅಂದುಕೊಂಡವಳು ಅವಳೇ. ಆದರೆ ಮಾರನೇ ಬೆಳಿಗ್ಗೆ ದನಕ್ಕೆ ಹುಲ್ಲು ಹಾಕುತ್ತ ಅವನು ಮತ್ತೆ ಅದೇ ಭಾಷಣ ಪಿಸುಗುಟ್ಟುತ್ತಿದ್ದುದನ್ನು ಕಂಡಿದ್ದಳು. ಅಷ್ಟು ಜನ ನಕ್ಕ ಮೇಲೂ ಬಿಡದವನನ್ನು ಬಿಡು ಅನ್ನಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಕಾರ್ತಿಕದ ಕೊನೆಯ ಭಾನುವಾರ ಇಬ್ಬರೂ ಬಸ್ಸು ಹತ್ತಿ, ತೊಪ್ಪೂರು ಘಾಟಿ ಇಳಿದು ಸೇಲಂಗೆ ಹೋದರು. ಸಂಗೀತಾ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದಳು. ಅವಳ ಕಾಲೇಜಿಗೆ ಕ್ಯಾಮೆರಾ ರಿಪೇರಿ ಮಾಡಿಕೊಡುವ ಅಣ್ಣಾಮಲೈ ಅನ್ನುವವರ ಅಂಗಡಿ ಅಗ್ರಹಾರದ ಹತ್ತಿರ, ಒಂದು ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ತಲೆ ನರೆತ, ಮೆಲ್ಲಗೆ ಮಾತಾಡುವ ಮನುಷ್ಯ. ವಿಷಯ ಕೇಳಿದವರೇ ಗಾಜಿನ ಮೇಜಿನ ಮೇಲೆ ಮೂರು ಕ್ಯಾಮೆರಾ ತಂದಿಟ್ಟರು.

ಮೊದಲನೆಯದು ಮದುವೆ ಮನೆಯಲ್ಲಿ ಕಾಣುವಂಥದ್ದು, ಹೆಗಲ ಮೇಲೆ ಹೊರುವ ದೊಡ್ಡದು, ಒಬ್ಬರು ಬಳಸಿ ಕೊಟ್ಟದ್ದು. ಎರಡನೆಯದು ಸಿಂಗಪುರದಿಂದ ಬಂದ ಹೊಸದು. ಅಂಗೈಯಲ್ಲಿ ಕೂರುತ್ತಿತ್ತು, ಪಕ್ಕದಲ್ಲಿ ಕದದ ಹಾಗೆ ತೆರೆದರೆ ಒಂದು ಪುಟ್ಟ ಬಣ್ಣದ ಟೀವಿ. ಮೂರನೆಯದೂ ಚಿಕ್ಕದೇ, ಆದರೆ ಹಳೆಯದು. ಮೂಲೆಯಲ್ಲಿ ಕಪ್ಪು ಬಣ್ಣ ಸವೆದಿತ್ತು, ತೂತಿಗೆ ಕಣ್ಣಿಟ್ಟು ನೋಡಿದರೆ ಒಳಗೆ ಕಪ್ಪು ಬಿಳುಪು ಚಿತ್ರ.

ನಾರಾಯಣಪ್ಪ ನೆಟ್ಟಗೆ ದೊಡ್ಡದರ ಹತ್ತಿರ ಹೋದ. ಹೆಗಲಿಗೇರಿಸಿಕೊಂಡು ಗೋಡೆಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ. "ಇದು ಲಕ್ಷಣವಾಗೈತೆ. ನಾಲ್ಕು ಜನ ನೋಡಿದ್ರೆ ಮರ್ಯಾದೆ."

"ನೀವು ಮಾತಾಡೋವಾಗ ಎತ್ತಿಡ್ಕೊಂಡು ನಿಲ್ಲೋರು ಯಾರು?" ಮಂಜುಳಮ್ಮ ಕೇಳಿದಳು.

"ನೀನೇ."

"ಅಂಗಾದ್ರೆ ಇಲ್ ಕೊಡಿ. ನಿಮ್ ಭಾಷಣ ಶುರು ಮಾಡಿ."

"ಇಲ್ಲಾ? ಅಂಗಡಿಯಲ್ಲಾ?"

"ಎಂಟು ನಿಮಿಷ ಎತ್ತಿಡ್ಕೊಳಕಾಗುತ್ತಾ ಅಂತ ಇಲ್ಲೇ ನೋಡ್ಬೇಕಲ್ಲ. ಮನೇಗ್ ಓದ್ಮೇಲೆ ನೋಡಿ ಏನ್ ಮಾಡಾದು?"

ಅಣ್ಣಾಮಲೈ ಕ್ಯಾಸೆಟ್ಟು ಹಾಕಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿದರು. ನಾರಾಯಣಪ್ಪ ಟವೆಲ್ ಸರಿಮಾಡಿಕೊಂಡು, ಅಲ್ಲಿ ಜೋಡಿಸಿಟ್ಟಿದ್ದ ಟೇಪ್‌ರೆಕಾರ್ಡರುಗಳನ್ನೇ ಸಭಿಕರೆಂದುಕೊಂಡು ಶುರುಮಾಡಿದ. ನಾಲ್ಕು ನಿಮಿಷಕ್ಕೆ ಭಾಷಣ ಮುಗಿಯಿತು. "ಇನ್ನೊಂದ್ಸಲ ಏಳಿ, ಎಂಟಾಗಿಲ್ಲ" ಅಂದಳು. ಕೆಳಗಿನ ಪಾತ್ರೆ ಅಂಗಡಿಗೆ ಬಂದಿದ್ದ ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ ನಿಂತು ನೋಡಲು ಶುರುಮಾಡಿದರು. ಎರಡನೇ ಸಲ ಅರ್ಧಕ್ಕೆ ಬರುವಷ್ಟರಲ್ಲಿ ಮಂಜುಳಮ್ಮನ ಭುಜ ಜೋಮು ಹಿಡಿದಿತ್ತು. ಹಾಕಿ ನೋಡಿದರೆ, ಟೀವಿಯಲ್ಲಿ ನಾರಾಯಣಪ್ಪನ ತಲೆ ಮೆಲ್ಲಗೆ ಮೇಲೇರಿ ಮಾಯವಾಯಿತು, ಆಮೇಲೆ ಕುತ್ತಿಗೆ ಹೋಯಿತು, ಕೊನೆಯ ಎರಡು ನಿಮಿಷ ಅವನ ಹೊಟ್ಟೆಯೊಂದೇ ಭಾಷಣ ಮಾಡುತ್ತಿತ್ತು.

"ಇದು ಬ್ಯಾಡ" ಅಂದಳು. ನಾರಾಯಣಪ್ಪನೇ ಅದನ್ನು ಮೇಜಿನ ಆ ತುದಿಗೆ ಸರಿಸಿಟ್ಟ.

ಸಿಂಗಪುರದ್ದು ಎಲ್ಲ ರೀತಿಯಲ್ಲೂ ಚೆಂದವಿತ್ತು. ಬೇರೆ ಮೈಕು ಸಿಕ್ಕಿಸಿ ಅದನ್ನು ಮಾತಾಡುವವನ ಅಂಗಿಗೇ ಹಾಕಬಹುದಿತ್ತು. ಅಷ್ಟು ದೂರದಿಂದಲೂ ಅವನ ಉಸಿರು ಸಹಾ ಕೇಳುತ್ತಿತ್ತು. ಬೆಲೆ ಕೇಳಿದಾಗ ಮಂಜುಳಮ್ಮ ಅದನ್ನು ಇನ್ನೊಬ್ಬರ ಕೂಸನ್ನು ತಾಯಿಗೆ ಒಪ್ಪಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಅಣ್ಣಾಮಲೈ ಕೈಗೆ ಕೊಟ್ಟುಬಿಟ್ಟಳು.

ಉಳಿದದ್ದು ಹಳೆಯದು. ಅದರ ಬೆಲೆ ಸಿಂಗಪುರದ್ದರ ಕಾಲು ಭಾಗ.

"ನಮ್ಮನೇಲಿರೋದು ಹಳೇ ಟೀವಿ. ಅದ್ರಲ್ಲಿ ಬರುತ್ತಾ?" ತಮಿಳಿನಲ್ಲಿ ಕೇಳಿದಳು.

"ಆಂಟೆನಾ ವೈರು ಹಾಕುವ ಜಾಗಕ್ಕೆ ಈ ಪುಟ್ಟ ಡಬ್ಬಿ ಸಿಕ್ಕಿಸಿದರೆ ಬರುತ್ತದಮ್ಮ."

"ನಿಮ್ಮ ಅಂಗಡೀಲಿರೋ ಎಲ್ಲಕ್ಕಿಂತ ಹಳೇ ಟೀವಿಗೆ ಹಾಕಿ ತೋರಿಸಿ."

ಅಣ್ಣಾಮಲೈ ಒಳಗಿನಿಂದ ರಿಪೇರಿಗೆ ಬಂದಿದ್ದ ಒಂದು ಮರದ ಕದದ ಟೀವಿ ಹೊತ್ತು ತಂದರು. ಬಂತು. ಸ್ವಲ್ಪ ಹಿಮ ಬಿದ್ದ ಹಾಗೆ ಕಾಣುತ್ತಿತ್ತು, ಆದರೆ ಬಂತು. ಒಂದು ಕ್ಯಾಸೆಟ್ಟಿನ ಮೇಲೆ ಎಷ್ಟು ಸಲ ಅಳಿಸಿ ಹಿಡಿಯಬಹುದು, ಕರೆಂಟು ಹೋದರೆ ಬ್ಯಾಟರಿ ಎಷ್ಟು ಹೊತ್ತು, ಕೆಟ್ಟರೆ ನೋಡುವವರು ಯಾರು, ಎಲ್ಲ ಕೇಳಿದಳು. ಕೊನೆಗೆ ಅಣ್ಣಾಮಲೈ ತಾವಾಗಿಯೇ ಹೇಳಿದರು, "ಒಂದು ಕೊರತೆ ಇದೆ. ನಾನೇ ಹೇಳಿಬಿಡುತ್ತೇನೆ. ಇದಕ್ಕೆ ಬೇರೆ ಮೈಕು ಸಿಕ್ಕಿಸಲು ಆಗುವುದಿಲ್ಲ. ಹತ್ತಿರದಲ್ಲಿರುವವರ ಮಾತು ಜೋರಾಗಿ ಹಿಡಿಯುತ್ತದೆ, ದೂರದ್ದು ಸಣ್ಣಗೆ. ನಿಮ್ಮ ಯಜಮಾನರು ಆರಡಿ ದಾಟಬಾರದು."

"ಅವರ ಮಾತು ಆರು ಫರ್ಲಾಂಗು ಕೇಳುತ್ತೆ" ಅಂದಳು ಮಂಜುಳಮ್ಮ. ಚೌಕಾಸಿ ಮಾಡಿ, ಎರಡು ಕ್ಯಾಸೆಟ್ಟು ಮೇಲೆ ಹಾಕಿಸಿಕೊಂಡಳು. ಇಳಿಯುವಾಗ ಅಣ್ಣಾಮಲೈ ಸಂಗೀತಾಳಿಗೆ, ನಿಮ್ಮ ಕಾಲೇಜಿಗೆ ಸಾಮಾನು ಕೊಳ್ಳುವಾಗ ನಿಮ್ಮಮ್ಮನನ್ನು ಕಳಿಸಲು ಹೇಳಿ ಅಂದರಂತೆ. ಹೋಗುವಾಗ ದೊಡ್ಡ ಕ್ಯಾಮೆರಾದ ಕನಸು ಕಾಣುತ್ತಿದ್ದ ನಾರಾಯಣಪ್ಪ ಬರುವಾಗ ಚಿಕ್ಕದರ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತೊಪ್ಪೂರು ಘಾಟಿಯ ಒಂದೊಂದು ತಿರುವಿಗೂ ಅದನ್ನು ಅಪ್ಪಿಕೊಳ್ಳುತ್ತಿದ್ದ.

ಮಾರ್ಕೆಟ್ಟಿಗೆ ರಜೆಯಿದ್ದ ದಿನ ಮೊದಲ ಅಭ್ಯಾಸ. ಅಂಗಳದಲ್ಲಿ ನಾಲ್ಕು ಟೊಮೇಟೊ ಪೆಟ್ಟಿಗೆ ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಮಡಿಸಿದ ಗೋಣಿಚೀಲ ಹಾಕಿ, ಕ್ಯಾಮೆರಾ ಕೂರಿಸಿದರು. ಮಂಜುಳಮ್ಮ ಬಗ್ಗಿ ತೂತಿಗೆ ಕಣ್ಣಿಟ್ಟಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡ ಅಲ್ಲಿ ಹೆಬ್ಬೆರಳಷ್ಟಾಗಿ, ಕಪ್ಪು ಬಿಳುಪಾಗಿ, ಟವೆಲ್ ತುದಿ ಹಿಂಡುತ್ತ ನಿಂತಿದ್ದ. ಹೊರಗೆ ಕಣ್ಣಿಗೆ ಕಾಣುವಾಗ ಮಂಡಿಯ ದೊಡ್ಡ ಮನುಷ್ಯ. ಆ ತೂತಿನೊಳಗೆ ಪರೀಕ್ಷೆಗೆ ಬಂದ ಶಾಲೆಯ ಹುಡುಗ. ಅವಳಿಗೆ ಯಾಕೋ ಅವನ ಮೇಲೆ ಬಹಳ ಪ್ರೀತಿ ಬಂತು. ಕೆಂಪು ಗುಂಡಿ ಒತ್ತಿದಳು.

ಮುಗಿದ ಮೇಲೆ ಒಳಗೆ ಟೀವಿಗೆ ಹಾಕಿ ಇಬ್ಬರೂ ಚಾಪೆಯ ಮೇಲೆ ಕೂತರು. ನಾರಾಯಣಪ್ಪ ಮೊದಲು ಮೀಸೆ ತಿರುವಿಕೊಂಡ. ಆಮೇಲೆ ಕೈ ಕೆಳಗಿಳಿಯಿತು. ಟೀವಿಯಲ್ಲಿದ್ದವನು ಉಸಿರಿಲ್ಲದೆ ಮಾತಾಡುತ್ತಿದ್ದ, ಬಲಗೈ ಕಡಿಯುತ್ತಲೇ ಇತ್ತು.

"ಇದು ನಾನಾ?"

"ನೀವೇ."

"ಆ ಕೈ ಯಾಕಂಗೆ ಆಡ್ತೈತೆ?"

"ನಾನು ಏಳಿರ್ಲಿಲ್ವಾ?"

ಅವನು ಎದ್ದು ಹೋಗಿ ಬೇವಿನ ಮರದ ಕೆಳಗೆ ಕೂತ. ಮಂಜುಳಮ್ಮ ಕಾಫಿ ತಗೊಂಡು ಹೋದಾಗ ಅಂದ, "ಮೈಕಿನ ಮೇಲೆ ತಪ್ಪು ಹೊರಿಸಿದ್ನಲ್ಲ. ಪಾಪ, ಮೈಕೇನ್ ಮಾಡ್ತು."

"ಒಂದ್ ಮಾತು ಏಳ್ಲಾ?" ಅವಳು ಪಕ್ಕದಲ್ಲಿ ಕೂತಳು. "ರೇಟು ಬಿದ್ದ ದಿನ ರೈತ ಬಂದು ನಿಮ್ ಮುಂದೆ ನಿಲ್ತಾನಲ್ಲ, ಅವನಿಗೆ ನೀವು ಎಂಗೆ ಏಳ್ತೀರಿ? ಕೂರಿಸ್ತೀರಿ, ಟೀ ತರಿಸ್ತೀರಿ, ಬೆಂಗಳೂರಿಗೆ ಎಷ್ಟು ಲೋಡ್ ಓಯ್ತು, ಯಾಕೆ ಬಿತ್ತು, ಎಲ್ಲ ಬಿಡಿಸಿ ಬಿಡಿಸಿ ಏಳ್ತೀರಿ. ಅವನ ಮುಕ ನೋಡ್ಕೊಂಡು ಏಳ್ತೀರಿ. ಅವಾಗ ನಿಮ್ ಕೈ ಕಡಿಯಲ್ಲ. ಅಂಗೆ ಮಾತಾಡಿ. ಏಲಂ ಕೂಗ್ಬ್ಯಾಡಿ."

ನಾರಾಯಣಪ್ಪ ಕಾಫಿ ಕುಡಿಯುವುದನ್ನು ಮರೆತು ಅವಳನ್ನೇ ನೋಡಿದ.

ಅಂದಿನಿಂದ ವಾರಕ್ಕೆ ಮೂರು ಸಲ, ಅವನು ಮಂಡಿಯಿಂದ ಬಂದು ಊಟ ಮಾಡಿದ ಮೇಲೆ ಪೆಟ್ಟಿಗೆ ಪೇರಿಸುವುದು, ಗುಂಡಿ ಒತ್ತುವುದು, ನೋಡುವುದು, ಅಳಿಸುವುದು. ನಾಲ್ಕು ನಿಮಿಷ ಐದಾಯಿತು, ಐದು ಆರಾಯಿತು. ಕೈಯನ್ನು ಟವೆಲ್ಲಿಗೆ ಸುತ್ತಿಕೊಂಡು ಅಭ್ಯಾಸ ಮಾಡಿದ, ಆಮೇಲೆ ಸುತ್ತಿಕೊಳ್ಳದೆಯೂ ನಿಂತಿತು. ಆದರೆ ಒಂದು ಹೊಸ ತೊಂದರೆ ಶುರುವಾಯಿತು. ಕ್ಯಾಮೆರಾ ಹಿಂದೆ ನಿಂತ ಮಂಜುಳಮ್ಮನಿಗೆ ಬಾಯಿ ಕಟ್ಟಿ ನಿಲ್ಲಲು ಆಗುತ್ತಿರಲಿಲ್ಲ. ಅವನು ಹೇಳುತ್ತಿದ್ದುದೆಲ್ಲ ಗಂಡಸಿನ ಸಂಪಾದನೆಯ ಹೆಚ್ಚುಗಾರಿಕೆ. ಅದನ್ನು ದಿನಾ ಕೇಳಿ ಕೇಳಿ ಅವಳು ತನಗೇ ಗೊತ್ತಿಲ್ಲದೆ ಮೆಲ್ಲಗೆ ಉತ್ತರ ಕೊಡುತ್ತಿದ್ದಳು. ಅವಳ ಬಾಯಿ ಕ್ಯಾಮೆರಾದಿಂದ ಅರ್ಧ ಅಡಿ ದೂರ.

ಟೀವಿಗೆ ಹಾಕಿದರೆ ನಾರಾಯಣಪ್ಪ ದೂರದಲ್ಲಿ ಸಣ್ಣಗೆ, "ಗಂಡಸು ಗಂಟಲು ಹರಿದುಕೊಂಡು ತಂದ ಹಣದಿಂದಲೇ ಮನೆಯ ಒಲೆ ಉರಿಯುವುದು" ಅನ್ನುತ್ತಿದ್ದ. ಕಿವಿಯ ಪಕ್ಕದಲ್ಲೇ ನಿಂತ ಹಾಗೆ ಮಂಜುಳಮ್ಮನ ದನಿ, "ಒಲೆ ಉರಿಯೋದು ಸೌದೆಯಿಂದ. ಸೌದೆ ತಂದೋಳು ನಾನು."

"ನನ್ ಭಾಷಣ ಇಡೀತಿದೀಯೋ, ನಿಂದ್ ಇಡೀತಿದೀಯೋ?" ಅಂತ ಅವನು ರೇಗಿದ. ಅವಳು ಇನ್ನು ಮಾತಾಡಲ್ಲ ಅಂತ ಸೆರಗು ಬಾಯಿಗೆ ತುರುಕಿಕೊಂಡಳು. ಮುಂದಿನ ಸಲ ಆ ಕ್ಯಾಸೆಟ್ಟಿನಲ್ಲಿ ಅವಳ "ಹುಂ" ಮತ್ತು "ಹೂಂ, ಬಂದ್ರು ನೋಡು" ಮಾತ್ರ ಇದ್ದವು. ಅದರ ಮುಂದಿನ ಸಲ ಮತ್ತೆ ಪೂರಾ ಮಾತು.

ಪೊಂಗಲ್‌ಗೆ ಮುಂಚಿನ ಮಾರ್ಗಳಿ ತಿಂಗಳ ಒಂದು ಮಧ್ಯಾಹ್ನ, ತಯಾರಿ ಎಲ್ಲಿಗೆ ಬಂತು ಅಂತ ನೋಡಲು ಸುಬ್ಬರಾಯನ್ ಬಂದರು. ಕೊಡೆಯನ್ನು ಬಾಗಿಲಿಗೆ ಒರಗಿಸಿ, ಕುರ್ಚಿಯ ಮೇಲೆ ನೆಟ್ಟಗೆ ಕೂತರು. ನಾರಾಯಣಪ್ಪ ಹೆದರುತ್ತಲೇ ಹಿಂದಿನ ದಿನದ ಕ್ಯಾಸೆಟ್ಟು ಹಾಕಿದ. ಮಂಜುಳಮ್ಮ ಅಡುಗೆಮನೆಯಲ್ಲಿ ಮೇಷ್ಟ್ರಿಗೆ ಉಪ್ಪಿಟ್ಟು ತಿರುವುತ್ತ ಕಿವಿ ಇಲ್ಲೇ ಇಟ್ಟಿದ್ದಳು. ಅಷ್ಟರಲ್ಲಿ ಅವಳಿಗೆ ನೆನಪಾಯಿತು, ನಿನ್ನೆಯ ಕ್ಯಾಸೆಟ್ಟು ಅಳಿಸಿರಲಿಲ್ಲ. ಅದರಲ್ಲಿ ಅವಳೇ ಬಹಳ ಮಾತಾಡಿದ್ದಳು.

ಎದ್ದು ಬರುವಷ್ಟರಲ್ಲಿ ಅವಳ ದನಿಯೇ ನಡುಮನೆಯಲ್ಲಿ ಮೊಳಗುತ್ತಿತ್ತು. "ದುಡ್ಡು ತರ್ತಾರಂತೆ ದುಡ್ಡು. ತಂದು ಅಂಗಿ ಜೇಬಲ್ಲಿ ಬಿಟ್ಟು ಒಗೆಯೋಕಾಕ್ತಾರೆ. ನೆಂದ ನೂರ್ ರೂಪಾಯಿ ನೋಟನ್ನ ದೋಸೆ ಹೆಂಚಿನ ಮೇಲೆ ಎರಡೂ ಕಡೆ ಕಾಯ್ಸಿ ಎತ್ತಿದೋಳು ಯಾರು?"

ಸುಬ್ಬರಾಯನ್‌ಗೆ ಕನ್ನಡ ಅರ್ಥವಾಗುತ್ತಿತ್ತು. ಅವರ ತಾಯಿಯ ಕಡೆಯವರು ಮೆಟ್ಟೂರಿನ ಕನ್ನಡದವರೇ. ಅವರು ನಕ್ಕ ನಗೆಗೆ ಕುರ್ಚಿ ಕಿರ್ರೆಂದಿತು. ಕ್ಯಾಸೆಟ್ಟು ಮುಗಿಯುವವರೆಗೂ ಕೂತು ಕೇಳಿ, ನಾರಾಯಣಪ್ಪನ ಬೆನ್ನು ತಟ್ಟಿದರು. "ಆಯುಧಪೂಜೆಯ ದಿನ ಮಾತಾಡಿದವನು ನೀನಲ್ಲ ಅಂತ ಹೇಳಿದರೆ ನಂಬುತ್ತೇನಪ್ಪ. ಈಗ ನಿನ್ನ ಮಾತಿಗೆ ನಿಲ್ಲುವ ಕಾಲು ಬಂದಿದೆ." ಆಮೇಲೆ ಅಡುಗೆಮನೆಯ ಕಡೆ ತಿರುಗಿದರು. "ಆ ಇನ್ನೊಂದು ದನಿ ಯಾರದು? ಜತನದ ಕಡೆಗೆ ನನಗೆ ಮೂರನೆಯವರು ಇನ್ನೂ ಸಿಕ್ಕಿಲ್ಲ."

ಮಂಜುಳಮ್ಮ ಕೈಯಲ್ಲಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. "ಐಯಾ, ನನಗೆ ವೇದಿಕೆ ತಮಿಳು ಬರಲ್ಲ. ಸಂತೆ ತಮಿಳು."

"ಕೇಳೋಕೆ ಬರುವವರೂ ಸಂತೆಯವರೇ ಅಲ್ವೇನಮ್ಮ."

ನಾರಾಯಣಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡ. ಎದ್ದು ಹೊರಗೆ ಹೋದ. ಎಮ್ಮೆಯ ತೊಟ್ಟಿಗೆ ನೀರು ಬಿಡುವ ಶಬ್ದ ಕೇಳಿಸಿತು. ಮಂಜುಳಮ್ಮ ತಟ್ಟೆಯನ್ನು ಮೇಷ್ಟ್ರ ಮುಂದಿಟ್ಟಳು. ಇಷ್ಟು ವರ್ಷ ಕಾದು, ನಗೆಗೀಡಾಗಿ, ಅಷ್ಟು ಕಷ್ಟಪಟ್ಟು ಅವನು ಸಂಪಾದಿಸಿದ ಜಾಗ. ತಾನು ಕ್ಯಾಮೆರಾ ಹಿಂದೆ ನಿಂತು ಗೊಣಗಿ ಅಲ್ಲಿಗೇ ಹತ್ತಿ ಕೂರುವುದು ಸರಿಯಾ? ಬೇಡ ಅಂತ ಹೇಳಿಬಿಡೋಣ ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಒದ್ದೆ ಕೈ ಟವೆಲ್ಲಿಗೆ ಒರೆಸಿಕೊಳ್ಳುತ್ತ ಒಳಗೆ ಬಂದ.

"ಇವಳಿಗೆ ಎಂಟು ನಿಮಿಷ ಸಾಲಲ್ಲ ಐಯಾ, ಅತ್ತು ನಿಮಿಷ ಕೊಡಿ" ಅಂದ. ಆಮೇಲೆ ಅವಳಿಗೆ, "ಈ ತಿಂಗಳೆಲ್ಲ ಪುಕ್ಕಟೆಯಾಗಿ ನನ್ನ ಸೋಲಿಸಿದೀಯ. ನಲ್ಲಂಪಳ್ಳಿಗೆ ಬಂದು ಜನದ ಮುಂದೆ ಸೋಲಿಸು ಬಾ. ನೋಡೇಬಿಡಾಣ."

ಈಗ ಕ್ಯಾಮೆರಾದ ಹಿಂದೆ ಅವನು, ಮುಂದೆ ಅವಳು. ಮೊದಲ ದಿನ ಅವನು ಅವಳ ನೆತ್ತಿ ಕತ್ತರಿಸಿ ಹಿಡಿದ. ಎರಡನೇ ದಿನ ಗುಂಡಿ ಒತ್ತುವುದನ್ನೇ ಮರೆತ. ಮೂರನೇ ದಿನ ಅವಳು ತನ್ನನ್ನು ತಾನೇ ಟೀವಿಯಲ್ಲಿ ನೋಡಿದಳು. ಮಾತು ಚೆನ್ನಾಗೇ ಇತ್ತು, ಆದರೆ ನಿಮಿಷಕ್ಕೆ ನಾಲ್ಕು ಸಲ ಸೆರಗು ಎಳೆದುಕೊಳ್ಳುತ್ತಿದ್ದಳು. ಮತ್ತೆ ಮುಖ ಓರೆ ಮಾಡಿ ನಿಂತಾಗ ತೀರಿಹೋದ ಅವಳ ಅವ್ವನ ಹಾಗೇ ಕಂಡಳು. ಅದನ್ನು ಯಾರಿಗೂ ಹೇಳಲಿಲ್ಲ. ಆ ಜಾಗವನ್ನು ಮಾತ್ರ ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ನೋಡಿದಳು. ಸೆರಗಿಗೆ ಪಿನ್ನು ಹಾಕಿಕೊಂಡಳು.

ಪೊಂಗಲ್‌ನ ಮೂರನೇ ದಿನ ನಲ್ಲಂಪಳ್ಳಿಯ ಶಾಲೆಯ ಬಯಲಿನಲ್ಲಿ ಜನ ಸೇರಿದ್ದರು. ಪಾಲಕೋಡಿನಿಂದ ಮಾರ್ಕೆಟ್ಟಿನವರು ಒಂದು ಟೆಂಪೋ ತುಂಬ ಬಂದಿದ್ದರು. ಸಂಗೀತಾ ಬೆಂಚಿನ ಮೇಲೆ ನಿಂತು ಕ್ಯಾಮೆರಾ ಹಿಡಿದಿದ್ದಳು.

ನಾರಾಯಣಪ್ಪ ಮೈಕಿನ ಮುಂದೆ ಬಂದು ನಿಂತ. ಹಿಂದಿನಿಂದ ಒಂದು ದನಿ "ಒರು ತರಂ" ಅಂತ ಶುರುಮಾಡಿತು. ವೇದಿಕೆಯ ಆ ಕಡೆ ಕೂತಿದ್ದ ಮಂಜುಳಮ್ಮ ಗಂಡನ ಬಲಗೈಯನ್ನೇ ನೋಡಿದಳು. ನಾರಾಯಣಪ್ಪ ಅವಸರ ಮಾಡಲಿಲ್ಲ. ದನಿ ಬಂದ ಕಡೆ ನೋಡಿದ, ಜನರೂ ಆ ಕಡೆ ತಿರುಗುವವರೆಗೂ ಕಾದ. ಆಮೇಲೆ ಮೆಲ್ಲಗೆ ಅಂದ, "ತಮ್ಮಾ, ಏಲಂ ಇನ್ನೂ ಶುರುವಾಗಿಲ್ಲ. ಮಾಲು ಮೊದಲು ನೋಡು, ಆಮೇಲೆ ರೇಟು ಕಟ್ಟು." ಬಯಲೆಲ್ಲ ನಕ್ಕಿತು, ಈ ಸಲ ಅವನ ಜೊತೆ ಸೇರಿ ನಕ್ಕಿತು. ಅಲ್ಲಿಂದ ಅವನು ರೈತನ ಪಕ್ಕ ಕೂತು ಮಾತಾಡಿದ ಹಾಗೇ ಮಾತಾಡಿದ. ಮಳೆಯಲ್ಲಿ ಲೋಡ್ ನಿಂತ ದಿನ, ಮಗಳ ಫೀಸು ಕಟ್ಟಲು ಹೋಗಿ ಬಂದ ದಿನ, ಒಂದೊಂದನ್ನೂ ಹೇಳಿ, ನಡುವೆ ಉಸಿರು ತಗೊಳ್ಳಲು ನಿಂತ. ಬಲಗೈ ಒಂದೇ ಒಂದು ಸಲ ಮೇಲೆದ್ದಿತು. ಅವನೇ ನೋಡಿಕೊಂಡು ಇಳಿಸಿದ. ಗಂಟೆ ಬಾರಿಸಿದಾಗ ಸರಿಯಾಗಿ ಎಂಟು ನಿಮಿಷ.

ಮಂಜುಳಮ್ಮನ ಸರದಿ ಕೊನೆಯದು. ಎದ್ದು ಸೆರಗಿನ ಪಿನ್ನು ಮುಟ್ಟಿ ನೋಡಿಕೊಂಡಳು. ಮುಂದೆ ಅಷ್ಟು ಮುಖ ಕಂಡು, ಕಲಿತ ಮೊದಲ ಸಾಲು ಮರೆತೇಹೋಯಿತು. ಬೆಂಚಿನ ಮೇಲಿದ್ದ ಸಂಗೀತಾಳ ಕೈಯಲ್ಲಿ ಕ್ಯಾಮೆರಾದ ಕೆಂಪು ದೀಪ ಕಂಡಿತು. ಅದನ್ನೇ ನೋಡಿಕೊಂಡು, ಅಂಗಳದಲ್ಲಿ ಮಾತಾಡಿದ ಹಾಗೆ, ಗಂಡನ ಕಡೆ ಬೆರಳು ಮಾಡಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಶುರುಮಾಡಿಬಿಟ್ಟಳು. "ಇವರು ಸಂಪಾದನೆ ಮಾಡ್ತಾರೆ, ನಿಜ. ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಆ ಸಂಪಾದನೆ ಒಗೆಯೋ ಕಲ್ಲಿನವರೆಗೂ ಓಗಿ ವಾಪಸ್ ಬಂದಿರೋ ಕತೆ ನಿಮಗೆ ಏಳ್ಬೇಕು." ದೋಸೆ ಹೆಂಚಿನ ಮೇಲೆ ನೋಟು ಕಾಯಿಸಿದ್ದಕ್ಕೆ ಬರುವಷ್ಟರಲ್ಲಿ, ಮುಂದಿನ ಸಾಲಿನ ಹೆಂಗಸರು ಒಬ್ಬರ ಮೇಲೊಬ್ಬರು ಒರಗಿ ನಗುತ್ತಿದ್ದರು. "ಒಂದ್ ಕಡೆ ಸೀದೋಯ್ತು. ಆ ಸೀದ ನೋಟನ್ನ ಅಂಗಡಿಯವನಿಗೆ ಒಪ್ಪಿಸಿ ಅಕ್ಕಿ ತಂದಿದ್ದು ಸಂಪಾದನೆಯಲ್ಲ, ಜತನ." ನಾರಾಯಣಪ್ಪನಿಗೆ ಈ ಸೀದ ಭಾಗ ಗೊತ್ತಿರಲಿಲ್ಲ. ಅವನು ಎದುರು ಪಕ್ಷದವನೆಂಬುದನ್ನು ಮರೆತು ಚಪ್ಪಾಳೆ ತಟ್ಟಿದ. ಅವನ ಪಕ್ಷದಲ್ಲೇ ವಾದಿಸಲು ಬಂದಿದ್ದ ಒಬ್ಬ ಲೆಕ್ಚರರ್ ಅವನ ಕೈ ಹಿಡಿದು ನಿಲ್ಲಿಸಬೇಕಾಯಿತು.

ತೀರ್ಪು ಸಂಪಾದನೆಯ ಕಡೆಗೇ ಬಂತು. ಸುಬ್ಬರಾಯನ್ ಎರಡೂ ಕಡೆಯನ್ನು ತೂಗಿ, ಬಹಳ ಹೊತ್ತು ಆಡಿಸಿ, ಬರುವುದು ಬಂದರೆ ತಾನೇ ಕಾಪಾಡುವುದು ಅಂತ ಮುಗಿಸಿದರು. ಮಂಜುಳಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ಟೆಂಪೋದಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳು ಆ ತೀರ್ಪಿನ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದಳು, ಮಾರ್ಕೆಟ್ಟಿನವರೆಲ್ಲ ಅವಳ ಪಕ್ಷವಾದರು, ಗೆದ್ದ ನಾರಾಯಣಪ್ಪ ಒಬ್ಬನೇ ಮೂಲೆಯಲ್ಲಿ ಕೂತು ಖುಷಿಯಾಗಿ ಬೈಸಿಕೊಂಡ.

ಅದಾಗಿ ವಾರ ಕಳೆದಿರಬಹುದು. ನಾರಾಯಣಪ್ಪ ಮಂಡಿಗೆ ಹೋಗಿದ್ದ. ಬೆಳಗಿನ ಬಸ್ಸಿನಿಂದ ಸುಬ್ಬರಾಯನ್ ಇಳಿದು, ಅತ್ತಿತ್ತ ನೋಡಿಕೊಂಡು, ಒಬ್ಬರೇ ಮನೆಯ ಕಡೆ ಬಂದರು. ನೀರು ಕುಡಿದರು. ಎಮ್ಮೆ ಎಷ್ಟು ಹಾಲು ಕೊಡುತ್ತದೆ ಅಂತ ಕೇಳಿದರು. ಆಮೇಲೆ ಜುಬ್ಬಾದ ಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದರು.

"ಮುಂದಿನ ತಿಂಗಳು ಕೃಷ್ಣಗಿರಿಯಲ್ಲಿ ಒಂದು ಸಭೆ ಇದೆಯಮ್ಮ. ನಿಮ್ಮ ಆ ಕ್ಯಾಮೆರಾ... ಮನೆಯಲ್ಲೇ ಇದೆಯಾ?"

ಮಂಜುಳಮ್ಮ ನಗುವನ್ನು ನುಂಗಿಕೊಂಡು ಪೆಟ್ಟಿಗೆ ಪೇರಿಸಿದಳು. ಮೂವತ್ತು ವರ್ಷ ತೀರ್ಪು ಹೇಳಿದ ಮನುಷ್ಯ ಅಂಗಳದಲ್ಲಿ ನಿಂತು ಹತ್ತು ನಿಮಿಷ ಮಾತಾಡಿದರು. ಆಮೇಲೆ ಒಳಗೆ ಚಾಪೆಯ ಮೇಲೆ ಕೂತು ನೋಡಿದರು. ಟೀವಿಯಲ್ಲಿದ್ದ ಸುಬ್ಬರಾಯನ್ ಎರಡು ಮಾತಿಗೊಂದು ಸಲ "ಆಗವೇ", ಅಂದರೆ ಆದ್ದರಿಂದ, ಅನ್ನುತ್ತಿದ್ದರು, ಅಂದಾಗಲೆಲ್ಲ ಕನ್ನಡಕ ಮೇಲೆ ತಳ್ಳುತ್ತಿದ್ದರು. ಮೇಷ್ಟ್ರು ಬೆರಳು ಮಡಿಸಿ ಎಣಿಸಲು ಶುರುಮಾಡಿ, ಎರಡು ಕೈಯೂ ತುಂಬಿದ ಮೇಲೆ ಬಿಟ್ಟುಬಿಟ್ಟರು.

"ಇಷ್ಟು ವರ್ಷ ಯಾರೂ ನನಗೆ ಹೇಳಲಿಲ್ಲವಲ್ಲ" ಅಂದರು.

"ನಡುವರ್‌ಗೆ ಯಾರು ಐಯಾ ಏಳ್ತಾರೆ" ಅಂದಳು ಮಂಜುಳಮ್ಮ.

ಅವರು ಕನ್ನಡಕ ಮೇಲೆ ತಳ್ಳಲು ಕೈ ಎತ್ತಿದರು, ಅರ್ಧದಲ್ಲೇ ನಿಲ್ಲಿಸಿದರು. ನಾಚಿಕೊಂಡು ನಕ್ಕರು. ಆಮೇಲೆ ಎದ್ದು ಜುಬ್ಬಾ ಕೊಡವಿಕೊಂಡು ಅಂಗಳಕ್ಕೆ ನಡೆದರು.

"ಅದನ್ನು ಅಳಿಸಿಬಿಡಮ್ಮ. ಇನ್ನೊಂದು ಸಲ ಹಿಡಿ."

ಮಂಜುಳಮ್ಮ ಕ್ಯಾಸೆಟ್ಟು ಮೊದಲಿಗೆ ಸುತ್ತಿದಳು.